ಅವರೆ ಹೂವಿನ ಕಪ್ಪು ಗೆರೆ

ನನ್ನ ಹೆಂಡತಿಯ ತಿಥಿಯ ದಿನ ಸಾರಿನ ಬಕೇಟು ಹಿಡಿದು ಬಡಿಸುತ್ತಿದ್ದೆ. ಸಾಲಿನಲ್ಲಿ ಕೂತಿದ್ದ ಬೂದಿಕೋಟೆ ಕಡೆಯ ದೂರದ ನೆಂಟರೊಬ್ಬರು ತಲೆ ಎತ್ತಿ ಕೇಳಿದರು.

"ನಿಮ್ಮನೆಯೋರು ಬೆಂಗಳೂರಾಗೆ ಕೆಲಸಕ್ಕೋಗ್ತಿದ್ರಲ್ಲ, ಏನು ಕೆಲಸ?"

"ಲ್ಯಾಬಲ್ಲಿ" ಅಂದೆ.

"ಓ, ರಕ್ತ ಪರೀಕ್ಷೆ ಮಾಡೋದಾ?"

"ಹೂಂ" ಅಂದೆ.

ಅವರು ಪಾಪ, ಅನ್ನಕ್ಕೆ ಗುಂಡಿ ಮಾಡಿಕೊಂಡು ಸಾರಿಗೆ ಕಾಯುತ್ತಿದ್ದರು. ನಾನು ಬಡಿಸಿ ಮುಂದಕ್ಕೆ ಹೋದೆ. ಆಚೆ ಸಾಲಿನ ಹೆಂಗಸರು ಅವಳ ಬಗ್ಗೆ ಮಾತಾಡುತ್ತಿದ್ದರು. "ಎಷ್ಟು ಓದಿ ಏನು, ಒಡಲು ತುಂಬಲಿಲ್ಲ" ಅನ್ನುವುದು ಕಿವಿಗೆ ಬಿತ್ತು. ಒಂದು ಸಾಲಿನಲ್ಲಿ ರಕ್ತ ಪರೀಕ್ಷೆ, ಇನ್ನೊಂದು ಸಾಲಿನಲ್ಲಿ ಮಕ್ಕಳಿಲ್ಲದವಳು. ಊಟ ಮುಗಿಸಿ ಎಲೆ ಎತ್ತುವ ಹೊತ್ತಿಗೆ ಅವಳ ಬದುಕಿನ ಲೆಕ್ಕ ಚುಕ್ತಾ ಆಗಿತ್ತು. ಅದನ್ನು ತಿದ್ದಬೇಕಾದವನು ನಾನೊಬ್ಬನೇ. ಆದರೆ ಏನಂತ ತಿದ್ದಲಿ? ಅವಳು ಏನು ಮಾಡುತ್ತಿದ್ದಳು ಅಂತ ನಾಲ್ಕು ಜನ ಕೇಳಿದರೆ ನಾಲ್ಕು ಮಾತಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ಅದಕ್ಕೇ "ಹೂಂ" ಅಂದಿದ್ದು. ಆ "ಹೂಂ" ಗಂಟಲಲ್ಲೇ ಉಳಿದಿದೆ. ಅದನ್ನು ಇಳಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಅವಳು ನನ್ನ ಸೋದರಮಾವನ ಮಗಳು. ಮಾವ ಚಿಕ್ಕ ವಯಸ್ಸಿಗೇ ಊರು ಬಿಟ್ಟು ಕೋರಮಂಡಲ್‌ನ ಚಿನ್ನದ ಗಣಿಗೆ ಸೇರಿದ್ದರು. ಗಣಿಯ ಲೈನು ಮನೆಯಲ್ಲಿ ಹುಟ್ಟಿದ ಅವಳಿಗೆ ಬೀದಿಯಲ್ಲಿ ತಮಿಳು, ಮನೆಯೊಳಗೆ ತೆಲುಗು ಬೆರೆತ ನಮ್ಮ ಕನ್ನಡ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ಎಪ್ಪತ್ತರ ದಶಕದಲ್ಲಿ ಬೇಸಿಗೆ ರಜಕ್ಕೆ ಬಸ್ಸಿಳಿದು ಬಂದರೆ ನಮ್ಮೂರ ಹುಡುಗಿಯರು ಅವಳ ಸುತ್ತ ನೆರೆದು "ತಮಿಳು ಮಾತಾಡೇ, ತಮಿಳು ಮಾತಾಡೇ" ಅಂತ ಪೀಡಿಸುತ್ತಿದ್ದರು. ಅವಳು ಬಾಯಿಬಿಡುತ್ತಿರಲಿಲ್ಲ. "ಇಲ್ಲಿ ಬರಲ್ಲ" ಅನ್ನುತ್ತಿದ್ದಳು. ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ.

ಮಾವ ಗಣಿಯ ಧೂಳು ಕುಡಿದು, ಎದೆ ಕೆಟ್ಟು ತೀರಿಕೊಂಡರು. ಅವರ ಎದೆಯ ಎಕ್ಸ್‌ರೇಗಳನ್ನು ಅತ್ತೆ ಟ್ರಂಕಿನ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದರು. ಎಕ್ಸ್‌ರೇ ಅಂದರೆ ನಮ್ಮ ಎರಡೂ ಮನೆಗಳಿಗೆ ಅವತ್ತಿನಿಂದ ಒಂದೇ ಅರ್ಥ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅವಳು ಎಂಎಸ್ಸಿ ಮಾಡಿದಳು. ಸಂಬಂಧ ಮೊದಲೇ ಮಾತಾಗಿದ್ದರಿಂದ ಯಾರೂ ತಕ್ಕಡಿ ಹಿಡಿಯಲಿಲ್ಲ. ಮದುವೆಯಾದ ಮೇಲೂ ಅವಳು ಬೆಂಗಳೂರಿನ ಒಂದು ಸಂಸ್ಥೆಗೆ ಅವರೆ ಗಿಡದ ಸಂಶೋಧನೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಹಾಲು ಅಳೆದು, ಕ್ಯಾನುಗಳನ್ನು ವ್ಯಾನಿಗೆ ಹತ್ತಿಸಿ, ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂಗಾರಪೇಟೆ ಸ್ಟೇಷನ್ನಿಗೆ ಬಿಡುವುದು ನನ್ನ ಕೆಲಸ. "ಎಂಡ್ರುನ್ನ ಓದುಸ್ತಾವ್ನೆ, ದೊಡ್ಡ ಮನಸ್ಸು" ಅಂತ ಊರಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ಒಂದು ಮುಳ್ಳಿತ್ತು. ಅದು ಚುಚ್ಚಿದ್ದು ನನಗೆ ಮಾತ್ರ ಗೊತ್ತಾಗುತ್ತಿತ್ತು.

ಒಂದು ದಿನ ರೈಲು ತಡವಾಯಿತು. ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಟೀ ಕುಡಿಯುತ್ತಾ ಕೇಳಿದೆ. "ಅಲ್ಲ, ಆ ಅವರೆ ಗಿಡದಲ್ಲಿ ನೀನು ಹುಡುಕ್ತಿರೋದು ಏನು?"

ಅವಳು ನಗಲಿಲ್ಲ. ಅದು ಅವಳ ದೊಡ್ಡ ಗುಣ. ಗೊತ್ತಿಲ್ಲದವನು ಕೇಳಿದರೆ ಎಂದೂ ನಗುತ್ತಿರಲಿಲ್ಲ.

"ಬಾವ, ಬೇರಲ್ಲೂ ಎಲೆಯಲ್ಲೂ ಹೂವಲ್ಲೂ ಇರೋ ಜೀನುಗಳು ಒಂದೇ. ಆದರೆ ಎಲ್ಲಾ ಕಡೆ ಎಲ್ಲವೂ ಕೆಲಸ ಮಾಡಲ್ಲ. ನನ್ನನ್ನೇ ನೋಡು. ಕೋರಮಂಡಲಕ್ಕೆ ಹೋದರೆ ಬಾಯಿಗೆ ತಮಿಳು ಬರುತ್ತೆ. ಅತ್ತೆ ಮುಂದೆ ಬರಲ್ಲ. ಮರೆತು ಹೋಗಿರಲ್ಲ, ಒಳಗೇ ಇರುತ್ತೆ. ನಿಂತ ಜಾಗ ಕರೀಬೇಕು."

"ಅದು ಸರಿ. ಏನೋ ಅಂಟಿಕೊಳ್ಳೋದು ಅಂತಿದ್ದೆಯಲ್ಲ?"

"ಅದಾ? ಜೀನು ಅಮ್ಮ ಇದ್ದ ಹಾಗೆ, ಮನೆ ಬಿಟ್ಟು ಕದಲಲ್ಲ. 'ಕಾಲು ಕೇಜಿ ಸಕ್ಕರೆ ತಗೊಂಬಾ' ಅಂತ ಮಗೂನ ಅಂಗಡಿಗೆ ಕಳಿಸ್ತಾಳೆ. ಆ ಮಗು ಆರ್‌ಎನ್‌ಎ. ದಾರೀಲಿ ಮರೆತರೆ? ಬಿದ್ದರೆ? ಅದಕ್ಕೇ ಒಬ್ಬರು ಕೈ ಹಿಡ್ಕೊಂಡು ಹೋಗ್ತಾರೆ. ಕೆಲವರು ಅಂಗಡಿ ಮುಟ್ಟಿಸ್ತಾರೆ, ಕೆಲವರು ಮೂಲೇಲೇ ನಿಲ್ಲಿಸ್ಕೊತಾರೆ. ಹಾಗೆ ಅಂಟಿಕೊಂಡು ಕೈ ಹಿಡಿಯೋ ಪ್ರೋಟೀನುಗಳ ಜೀನು ಬೇರಲ್ಲಿ ಎಷ್ಟು ಕೆಲಸ ಮಾಡುತ್ತೆ, ಕಾಂಡದಲ್ಲಿ ಎಷ್ಟು, ಎಲೆಯಲ್ಲಿ, ಹೂವಲ್ಲಿ, ಕಾಯಲ್ಲಿ ಎಷ್ಟು? ಅದೇ ನನ್ನ ಕೆಲಸ."

"ಕೈ ಹಿಡಿದೋನು ಅಂದ್ರೆ ನಾನೂ ಒಂದು ಪ್ರೋಟೀನು."

"ನೀನು ಸ್ಟೇಷನ್ ಮುಟ್ಟಿಸೋ ಪ್ರೋಟೀನು" ಅಂದಳು. ರೈಲು ಬಂತು.

ಈಗ ಬರೆಯುವಾಗ ಎಲ್ಲ ಸಲೀಸಾಗಿ ಬರುತ್ತಿದೆ. ತಿಥಿಯ ದಿನ ಬಡಿಸುವಾಗ ಇದರಲ್ಲಿ ಒಂದು ಮಾತೂ ನೆನಪಾಗಲಿಲ್ಲ.

ಗಿಡಗಳು ನಮ್ಮ ಹೊಲದವೇ. ನಮ್ಮ ಕಡೆ ರಾಗಿಯ ನಡುನಡುವೆ ಅವರೆಯನ್ನು ಅಕ್ಕಡಿ ಸಾಲಾಗಿ ಹಾಕುತ್ತೇವೆ. ರಾಗಿ ಕೊಯ್ದ ಮೇಲೆ ಬೋಳು ಹೊಲದಲ್ಲಿ ಅವರೆ ಸಾಲುಗಳು ಮಾತ್ರ ಉಳಿದು, ಚಳಿಗಾಲದ ಇಬ್ಬನಿ ಕುಡಿದು, ಸೊಗಡು ತುಂಬಿಕೊಳ್ಳುತ್ತವೆ. ಒಂದೇ ಸಾಲಿನ ಗಿಡಗಳಿಂದ, ಒಂದೇ ಹೊತ್ತಿನಲ್ಲಿ ಐದು ಭಾಗವನ್ನೂ ತೆಗೆದು, ತೆಗೆದ ಕೂಡಲೇ ಹೆಪ್ಪುಗಟ್ಟಿಸಬೇಕು ಅನ್ನುತ್ತಿದ್ದಳು. ಹಿಂದಿನ ವರ್ಷ ಐಸಿನಲ್ಲಿಟ್ಟು ರೈಲಿನಲ್ಲಿ ಒಯ್ದಿದ್ದಳು. ಹೂವಿನದು ದಾರಿಯಲ್ಲೇ ಹಾಳಾಯಿತು. ಮಿಕ್ಕದ್ದೆಲ್ಲ ಸಿಕ್ಕಿ ಹೂವಿನ ಜಾಗ ಮಾತ್ರ ಖಾಲಿ. ಹೂವು ಇಲ್ಲದೆ ಕೆಲಸ ಪೂರ್ತಿಯಾಗುವುದಿಲ್ಲ, ಹೂವು ಬೇಕೆಂದರೆ ಇನ್ನೊಂದು ವರ್ಷ.

"ಆರ್‌ಎನ್‌ಎ ಮುಟ್ಟಿದರೆ ಮುನಿ, ಬಾವ" ಅಂದಿದ್ದಳು. "ಆ ಮುಳ್ಳುಗಿಡ ಮುನಿಸಿಕೊಂಡರೂ ಆಮೇಲೆ ಎಲೆ ಬಿಚ್ಚುತ್ತೆ. ಇದು ಬಿಚ್ಚಲ್ಲ. ಬೆವರು ಸೋಕಿದರೆ ಸಾಕು, ಕರಗಿ ಹೋಗುತ್ತೆ."

ಈ ಮುಟ್ಟುವ ಮಾತೇ ನಮ್ಮ ಮನೆಯಲ್ಲಿ ಕಿಡಿ ಹಚ್ಚಿತ್ತು. ಒಮ್ಮೆ ಅವಳು ಏನೋ ಪೊಟ್ಟಣಗಳನ್ನು ನಡುಮನೆಯ ಗೂಡಿನಲ್ಲಿಟ್ಟು, "ಅತ್ತೆ, ಇದನ್ನ ಮುಟ್ಟಬೇಡಿ" ಅಂದಳು. ಅಮ್ಮನ ಮುಖ ಕೆಂಪಾಯಿತು. ಅಮ್ಮ ಅವಳ ತಂದೆಯ ಅಕ್ಕ, ಎತ್ತಿ ಆಡಿಸಿದವಳು. "ಯಾಕವ್ವ, ನನ್ ಕೈಗೇನು ಮೈಲಿಗೆ ಅಂಟೈತಾ?" ಅಂದಳು. ಅವಳು ಬೆವರಿನ ವಿಷಯ ಹೇಳಲು ಹೋದಳು. "ಬೆವ್ರು ಅಂದ್ರೆ ಅಸಹ್ಯನಾ ನಿಂಗೆ? ಆ ಬೆವ್ರಿಂದ್ಲೇ ಈ ಮನೆ ನಿಂತಿರೋದು" ಅಂತ ಅಮ್ಮ ಎದ್ದುಹೋದಳು.

ಅದೇ ಅಮ್ಮ ತಿಂಗಳಲ್ಲಿ ಮೂರು ದಿನ ಅವಳಿಗೆ ಆ ಮಾತನ್ನು ಹೇಳುತ್ತಿದ್ದಳು. ನೀರಿನ ಗಡಿಗೆ ಮುಟ್ಟಬೇಡ, ಉಪ್ಪಿನಕಾಯಿ ಭರಣಿ ಮುಟ್ಟಬೇಡ, ಹೂ ಬಿಟ್ಟ ಹೊಲಕ್ಕೆ ಕಾಲಿಡಬೇಡ. ಬೆಂಗಳೂರಲ್ಲಿ ಕೈತುಂಬ ಕೆಲಸ ಮಾಡಿ ಬಂದವಳು ಆ ದಿನಗಳಲ್ಲಿ ನಮ್ಮ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ನಾನು ಒಳಗೆ ಮಂಚದ ಮೇಲೆ ಮಲಗುತ್ತಿದ್ದೆ. ತೊಂಬತ್ತರ ದಶಕ ಬಂದಿತ್ತು, ಊರಲ್ಲಿ ಟಿವಿ ಇತ್ತು, ಆದರೂ ನಾನು ಅಮ್ಮನಿಗೆ ಒಂದು ಮಾತು ಅನ್ನಲಿಲ್ಲ.

ಆ ವರ್ಷ ಐಸು ಬೇಡ ಅಂತ ನಾನೇ ಒಂದು ದಾರಿ ಹುಡುಕಿದ್ದೆ. ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡಲು ಡೈರಿಗೆ ಒಬ್ಬ ಬರುತ್ತಿದ್ದ. ಹೋರಿಯ ಬೀಜದ ಕಡ್ಡಿಗಳನ್ನು ಅವನು ಒಂದು ಕ್ಯಾನಿನಲ್ಲಿ ಇಡುತ್ತಿದ್ದ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಅದು ದ್ರವ ಸಾರಜನಕ, ತನಗೆ ಬೇಕಾದ್ದೂ ಅದೇ ಅಂತ ಅವಳು ಹೇಳಿದಾಗ ನನಗೆ ನಿಧಿ ಸಿಕ್ಕಂತಾಯಿತು. ಅವನು ಒಪ್ಪಿದ. ಹೊಸದಾಗಿ ತುಂಬಿಸಿಕೊಂಡು ಬಂದ ದಿನ ಒಂದು ಸಣ್ಣ ಕ್ಯಾನಿನಲ್ಲಿ ಕೊಡುತ್ತೇನೆ, ಮುಂದಿನ ತಿಂಗಳವರೆಗೆ ಮತ್ತೆ ಕೇಳಬೇಡಿ ಅಂದ. ಅಷ್ಟರಲ್ಲಿ ಹೂವು ಮುಗಿಯುತ್ತಿತ್ತು. ಗಿಡದ ತುದಿಯಲ್ಲಿ ಅಷ್ಟಿಷ್ಟು ಉಳಿದಿತ್ತು, ಅಷ್ಟೇ.

ಕ್ಯಾನು ಬಂದ ಬೆಳಿಗ್ಗೆ ಅವಳು ಹೊರಗಾಗಿದ್ದಳು.

"ಅತ್ತೆ, ಇವತ್ತೊಂದು ದಿನ. ಸಾಲಿನ ಅಂಚಿಗೆ ನಿಂತು ತಗೋತೀನಿ."

"ಹೂ ಉದುರೋದ್ರೆ ನೀನ್ ತಂದ್ಕೊಡ್ತೀಯಾ? ಓಗ್ಬೇಡ ಅಂದ್ರೆ ಓಗ್ಬೇಡ."

ಅವಳು ನನ್ನ ಮುಖ ನೋಡಿದಳು. ನಾನು ಕ್ಯಾನಿನ ಮುಚ್ಚಳ ನೋಡಿದೆ. ಆಮೇಲೆ ಅವಳೇ ತನ್ನ ಚೀಲದಿಂದ ಒಂದು ಜೊತೆ ರಬ್ಬರ್ ಗ್ಲೌಸು, ಬೆಳ್ಳಿ ಹಾಳೆಯ ಪೊಟ್ಟಣಗಳು, ಕತ್ತರಿ ತೆಗೆದು ನನ್ನ ಕೈಗಿಟ್ಟಳು. "ನೀನೇ ಮಾಡು ಬಾವ. ನಾನು ಬದುವಿನ ಮೇಲೆ ನಿಂತು ಹೇಳ್ತೀನಿ. ಗ್ಲೌಸು ತೆಗೀಬೇಡ. ಕತ್ತರಿಸಿದ್ದನ್ನ ಕೂಡಲೇ ಕ್ಯಾನಿಗೆ ಹಾಕು."

ಬೇರು ಆಯಿತು, ಕಾಂಡ ಆಯಿತು. ಅಷ್ಟು ಹೊತ್ತಿಗೆ ಪಕ್ಕದ ಹೊಲದಲ್ಲಿ ರಾಗಿ ಮೆದೆ ಹಾಕುತ್ತಿದ್ದವರು ಬದುವಿಗೆ ಬಂದು ಕುಕ್ಕರುಗಾಲಲ್ಲಿ ಕೂತರು. ನಮ್ಮೂರಲ್ಲಿ ರಬ್ಬರ್ ಗ್ಲೌಸನ್ನೂ ಹೊಗೆ ಬರುವ ಕ್ಯಾನನ್ನೂ ಒಂದೇ ಕೆಲಸಕ್ಕೆ ನೋಡಿದ್ದು.

"ಏನ್ಲಾ, ಅವರೆ ಗಿಡ ಬೆದೆಗೆ ಬಂದೈತಾ?"

"ಯಾವ ತಳಿ ಕೊಡ್ತೀಯಲಾ? ಜೆರ್ಸಿನಾ, ಎಚ್ಚೆಫ್ಫಾ?"

"ಕರ ಆಕ್ತೋ, ಕಾಯಿ ಬಿಡ್ತೋ, ನಮ್ಗೂ ಏಳು ಕಣ್ಲಾ!"

ನಾನೂ ನಗಬಹುದಿತ್ತು. ಅವರು ದಿನಾ ಡೈರಿಗೆ ಹಾಲು ಹಾಕುವವರು, ನನ್ನ ಜೊತೆ ಬೀಡಿ ಸೇದುವವರು. ಆಗ ಅವರಲ್ಲಿ ಹಿರಿಯವನು ದನಿ ತಗ್ಗಿಸದೆ ಹೇಳಿದ. "ಆ ಕ್ಯಾನ್ನ ಅಂಗೇ ಮನೆಗೂ ತಗಂಡೋಗಪ್ಪ. ಪುಣ್ಯ ಬತ್ತದೆ."

ಬದುವಿನ ಮೇಲೆ ಅವಳು ನಿಂತಿದ್ದಳು. ಕೇಳಿಸದಿರಲು ದಾರಿಯೇ ಇರಲಿಲ್ಲ. ಅವಳು ಸೆರಗು ಎಳೆದುಕೊಂಡು ಬೇತಮಂಗಲದ ರಸ್ತೆಯ ಕಡೆ ನೋಡುತ್ತಾ ನಿಂತಳು. ನನ್ನ ಕಿವಿ ಸುಡುತ್ತಿತ್ತು. ಗ್ಲೌಸುಗಳನ್ನು ಕಿತ್ತು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇದು ಡಾಕ್ಟರ ಕೆಲಸವಲ್ಲ, ಸುಮ್ಮನೆ ಸೊಪ್ಪು ಕೀಳುವುದು ಅಂತ ಅವರಿಗೆ ಕಾಣಲಿ ಅನ್ನಿಸಿತ್ತು. ಬರಿಗೈಯಲ್ಲಿ ಎಲೆ ಹಿಡಿದು ಚೂರು ಮಾಡಿದೆ. ಚಳಿಯಲ್ಲೂ ಅಂಗೈ ಬೆವೆತಿತ್ತು. ಚೂರುಗಳು ಬೆಳ್ಳಿ ಹಾಳೆಯ ಮೇಲೆ ಬಿಸಿಲಲ್ಲಿ ಬಿದ್ದಿದ್ದವು. ಕ್ಯಾನಿನ ಮುಚ್ಚಳ ತೆಗೆದರೆ ಮತ್ತೆ ಹೊಗೆ ಬರುತ್ತದೆ, ಮತ್ತೆ ನಗುತ್ತಾರೆ ಅಂತ ತೆಗೆಯದೆ ಕೂತೆ.

"ಬಾವ, ಕ್ಯಾನಿಗೆ ಹಾಕು" ಅಂತ ಅವಳು ಕೂಗಿದಳು. ಆಮೇಲೆ ಹಾಕಿದೆ.

ಹೂವಿಗೆ ಕೈ ಹಾಕಬೇಕು ಅನ್ನುವಾಗ ಅಮ್ಮ ಹುಲ್ಲಿನ ಹೊರೆ ಹೊತ್ತು ಬಂದಳು. ಬದುವಿನ ಮೇಲೆ ಕೂತವರನ್ನು, ದೂರ ನಿಂತ ಸೊಸೆಯನ್ನು, ನನ್ನ ಸೊಂಟದಲ್ಲಿ ನೇತಾಡುತ್ತಿದ್ದ ಗ್ಲೌಸನ್ನು ಒಂದು ಸಲ ನೋಡಿದಳು. ಹೊರೆ ಧೊಪ್ಪನೆ ಬಿತ್ತು.

"ಏನ್ರೋ ಕಿಸಿಯೋದು? ನಿಮ್ಮನೆ ಹಸ ಗಬ್ಬ ನಿಲ್ದೆ ನಾಲ್ಕು ಸಲ ತಿರುಗ್ದಾಗ ಇದೇ ಕ್ಯಾನ್ ಬೇಕಂತ ನನ್ ಮಗನ ಕಾಲಿಡಿದ್ರಲ್ಲ, ಆಗೆಲ್ಲೋಗಿತ್ತು ನಗ? ಏಳ್ರೋ, ಮೆದೆ ಒಟ್ಟೋಗ್ರಿ!"

ಅವರು ಎದ್ದರು. ಅಮ್ಮ ನನ್ನ ಸೊಂಟದಿಂದ ಗ್ಲೌಸು ಎಳೆದುಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿ, ಕೈ ತೂರಿಸಿದಳು. ಒಂದೊಂದು ಬೆರಳಿಗೂ ಒಂದೊಂದು ಬೈಗುಳ.

"ಅತ್ತೆ, ಬಾವನ ಕೈ ತಾಕಿದ ಗ್ಲೌಸು ಅದು. ಚೀಲದಲ್ಲಿ ಹೊಸದೊಂದು ಜೊತೆ ಇದೆ" ಅಂತ ಅವಳು ಬದುವಿನಿಂದಲೇ ಹೇಳಿದಳು.

"ನಿನ್ ಮಡಿ ನಮ್ ಮಡಿಗಿಂತ ಜಾಸ್ತಿ ಆತಲ್ಲೇ!" ಅನ್ನುತ್ತಲೇ ಅಮ್ಮ ಹೊಸದು ಹಾಕಿಕೊಂಡಳು.

"ಮೊಗ್ಗು ಬೇಡ ಅತ್ತೆ. ಈಗ ತಾನೆ ಬಿರಿದಿರೋದು."

"ನಂಗೇಳ್ಕೊಡ್ತೀಯಾ? ನಿಮ್ಮಪ್ಪುಂಗೆ ಅವರೆಕಾಳು ತಿನ್ಸಿ ಬೆಳೆಸಿದೋಳು ನಾನು."

ಅಮ್ಮ ಕಿತ್ತಳು, ನಾನು ಮುಚ್ಚಳ ತೆಗೆದೆ, ಹೂವು ಹೊಗೆಯೊಳಗೆ ಇಳಿಯಿತು. ಆಮೇಲೆ ಎಳೆಕಾಯಿ. ಮುಗಿದ ಮೇಲೆ ಅಮ್ಮ ಗ್ಲೌಸು ಬಿಚ್ಚಿ ಅಂಗೈ ಮೂಸಿ ನೋಡಿದಳು. "ಸೊಗಡೇ ಅತ್ತಿಲ್ಲ. ಇದ್ಯಾತ್ರ ಅವರೆ ಕೀಳೋದು" ಅಂದಳು. ಬದುವಿನ ಮೇಲಿದ್ದ ಅವಳು ನಕ್ಕಳು. ಆದರೂ ಅಮ್ಮ ಅವಳನ್ನು ಹೊಲದೊಳಕ್ಕೆ ಕರೆಯಲಿಲ್ಲ. ಆ ರಾತ್ರಿಯೂ ಅವಳು ಜಗಲಿಯಲ್ಲೇ ಮಲಗಿದಳು.

ಮಾರನೇ ದಿನ ಕ್ಯಾನು ಹಿಡಿದುಕೊಂಡು ಅವಳ ಜೊತೆ ನಾನೂ ಬೆಂಗಳೂರಿಗೆ ಹೋದೆ. "ರೈಲಿಗೆ ಮೈಲಿಗೆ ಇಲ್ಲ ನೋಡು" ಅಂದಳು ಹತ್ತುವಾಗ. ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಅವಳು ಒಳಗೆ ಹೋದದ್ದೇ ಒಬ್ಬಾಕೆಗೆ ತಮಿಳಲ್ಲಿ ಏನೋ ಕೂಗಿ ಹೇಳಿದಳು, ಇನ್ನೊಬ್ಬರ ಜೊತೆ ಇಂಗ್ಲಿಷಿನಲ್ಲಿ ವಾದಕ್ಕೆ ನಿಂತಳು, ಗಹಗಹಿಸಿ ನಕ್ಕಳು. ಗೋಡೆಗೆ ಬಡಿದು ವಾಪಸು ಬರುವಂಥ ನಗು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಅಂಥ ನಗು ಕೇಳಿರಲಿಲ್ಲ. ಮಾತು ಕಡಿಮೆಯ ಹುಡುಗಿ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ. ನಿಂತ ಜಾಗ ಕರೀಬೇಕು ಅಂದಿದ್ದಳು. ನಮ್ಮ ಮನೆ ಅವಳನ್ನು ಕರೆದಿರಲಿಲ್ಲ. ಯಾರೋ ಕುರ್ಚಿ ಕೊಟ್ಟರು. ಕೂರಲು ನಾಚಿಕೆಯಾಗಿ, ಹಾಲಿಗೆ ಹೊತ್ತಾಯಿತು ಅಂತ ಹೇಳಿ ಬಂದುಬಿಟ್ಟೆ.

ಕೆಲವು ವಾರ ಕಳೆದು ಅವಳು ಒಂದು ಎಕ್ಸ್‌ರೇ ಫಿಲಮ್ಮು ಮನೆಗೆ ತಂದಳು. ಅದನ್ನು ಕಂಡದ್ದೇ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳ ಎದೆಯ ಮೇಲೆ ಕೈಯಿಟ್ಟು, "ನಿಮ್ಮಪ್ಪುಂದೇ ಬಂತಾ ಕೂಸೇ? ಯಾವತ್ತಿಂದ? ಯಾಕೇಳ್ಲಿಲ್ಲ?" ಅಂದಳು. ಅದು ಎದೆಯದಲ್ಲ, ಅವರೆಯದು ಅಂತ ನಂಬಿಸಲು ಸಾಕುಬೇಕಾಯಿತು.

ಬೆಳಕಿಗೆ ಹಿಡಿದು ತೋರಿಸಿದಳು. ಆರ್‌ಎನ್‌ಎಯನ್ನು ಬೇರೆ ಮಾಡಿ, ಸಾಲಾಗಿ ಓಡಿಸಿ, ಆ ಜೀನಿನದು ಎಲ್ಲಿದೆಯೋ ಅಲ್ಲಿ ಕಪ್ಪು ಗೆರೆ ಬೀಳುವ ಹಾಗೆ ಮಾಡುತ್ತಾರಂತೆ. ಬೇರಿನದು ದಪ್ಪ ಗೆರೆ. ಕಾಂಡದ್ದು ತೆಳು. ನಾಲ್ಕನೆಯದು ಹೂವು. ಕಾಡಿಗೆ ಕಡ್ಡಿಯಲ್ಲಿ ಎಳೆದಂಥ, ಅಂಚು ಕದಡದ ಗೆರೆ. ಕೊನೆಯದು ಕಾಯಿ. ನಡುವೆ, ಮೂರನೆಯ ಸಾಲಿನಲ್ಲಿ ಗೆರೆಯೇ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಮಸಿ ಸವರಿದ ಹಾಗೆ.

"ಇದು ಯಾಕೆ ಹಿಂಗೆ?"

"ಇದಾ? ನಿನ್ನ ಬೆವರು ಬಾವ."

ನಾನು ತಲೆ ತಗ್ಗಿಸಿದೆ.

"ಬೆವರೋ, ಬಿಸಿಲಲ್ಲಿ ತಡ ಆಗಿದ್ದೋ, ಯಾರಿಗೆ ಗೊತ್ತು. ಬಿಡು, ಎಲೆ ಯಾವ ಗಿಡದಲ್ಲೂ ಸಿಗುತ್ತೆ, ಅದನ್ನ ಮುಂದಿನ ಬೆಳೆಗೆ ಸರಿಮಾಡ್ತೀನಿ. ನನಗೆ ಹೂವು ಸಿಕ್ತಲ್ಲ!" ಅಂದವಳು ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ನೀವು ಕಿತ್ತಿದ್ದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ" ಅಂತ ಕೂಗಿದಳು. ಅಮ್ಮನಿಗೆ ಅರ್ಥವಾಗಲಿಲ್ಲ. ಆದರೆ ಅವತ್ತು ಅವಳ ತಟ್ಟೆಗೆ ಹಿತಕಿದ ಬೇಳೆ ಸಾರು ಎರಡು ಸಲ ಬಿತ್ತು.

ಆದರೆ ಐದೂ ಒಂದೇ ಹೊತ್ತಿನವಾಗಿರಬೇಕಲ್ಲ, ಮುಂದಿನ ವರ್ಷ ಎಲ್ಲವನ್ನೂ ಅವಳೇ ಮತ್ತೆ ಮಾಡಿದಳು. ಆ ಫಿಲಮ್ಮು ಯಾವುದಕ್ಕೂ ಬರುವಂತಿರಲಿಲ್ಲ, ಮನೆಯಲ್ಲೇ ಉಳಿಯಿತು. ಕೆಲವು ವರ್ಷ ಕಳೆದ ಮೇಲೆ ಅವಳ ಎದೆಯಲ್ಲಿ ನೀರು ತುಂಬತೊಡಗಿ ನಿಜವಾದ ಎಕ್ಸ್‌ರೇಗಳು ಮನೆಗೆ ಬಂದವು. ಎಲ್ಲವನ್ನೂ ಒಂದೇ ದೊಡ್ಡ ಕವರಿನಲ್ಲಿ ಹಾಕಿಡುತ್ತಿದ್ದೆವು. ಆಸ್ಪತ್ರೆಯ ದಿನಗಳ ಬಗ್ಗೆ ಬರೆಯಲು ನನ್ನಿಂದಾಗದು.

ತಿಥಿ ಮುಗಿದ ಸಂಜೆ ನೆಂಟರೆಲ್ಲ ಹೋದರು. ಹೋದವರ ಎಕ್ಸ್‌ರೇ ಮನೆಯಲ್ಲಿಡಬಾರದು, ಚಾಪೆ ದಿಂಬಿನ ಜೊತೆ ಸುಟ್ಟುಬಿಡಿ ಅಂತ ಹಿರಿಯರೊಬ್ಬರು ಹೇಳಿಹೋಗಿದ್ದರು. ಅಮ್ಮ ಎಲ್ಲವನ್ನೂ ಹಿತ್ತಲಿಗೆ ಹೊತ್ತು ಹಾಕಿದ್ದಳು. ನಾನು ಕವರು ಬಿಚ್ಚಿ ಒಂದೊಂದೇ ಫಿಲಮ್ಮನ್ನು ಪಡುವಣ ಬೆಳಕಿಗೆ ಹಿಡಿದು ನೋಡಿದೆ. ಪಕ್ಕೆಲುಬು, ಪಕ್ಕೆಲುಬು, ಮತ್ತೆ ಪಕ್ಕೆಲುಬು. ಆಮೇಲೆ ಐದು ಸಾಲು.

ಅಮ್ಮ ಹಿಂದೆ ಬಂದು ನಿಂತಿದ್ದಳು. "ಇದ್ಯಾರ ಎದೆ?"

"ಎದೆಯಲ್ಲಮ್ಮ. ಅವರೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಮಧ್ಯಾನ ಅವ್ರು ರಕ್ತ ಪರೀಕ್ಷೆ ಅಂದಿದ್ಕೆ ನೀನು ಹೂಂ ಅಂದೆ. ಕೇಳುಸ್ಕಂಡೆ. ನಂಗಾದ್ರೂ ಏಳ್ಲಾ, ಅವಳೇನ್ ಮಾಡ್ತಿದ್ಲು?"

ಹೇಳಿದೆ. ಗಡಿಗೆ ಕಟ್ಟೆಯ ಮೇಲೆ ಕೂತು, ಅಂಗಡಿಗೆ ಹೋದ ಮಗುವಿನಿಂದ ಶುರುಮಾಡಿ, ಕೈ ಹಿಡಿಯುವವರನ್ನು ಹೇಳಿ, ಬೇರಲ್ಲಿ ಒಂದು ಥರ ಹೂವಲ್ಲಿ ಒಂದು ಥರ ಅಂತ ನನಗೆ ತಿಳಿದಷ್ಟು ಹೇಳಿದೆ. ತಡವರಿಸಿದೆ.

"ನಾನ್ ಕಿತ್ತಿದ್ದು ಯಾವ್ದು?"

ನಾಲ್ಕನೆಯದನ್ನು ತೋರಿಸಿದೆ.

ಅಮ್ಮ ಬೆರಳು ಚಾಚಿದಳು. ಗೆರೆಯ ಹತ್ತಿರ ಬಂದು ಬೆರಳು ನಿಂತಿತು. ಕೈಯನ್ನು ಹಿಂದಕ್ಕೆ ತೆಗೆದು, ಸೆರಗಿಗೆ ಒರೆಸಿ, ಮತ್ತೆ ಒರೆಸಿ, ಕೇಳಿದಳು. "ಮುಟ್ಟಬೋದಾ?"

"ಮುಟ್ಟಮ್ಮ. ಈಗ ಏನೂ ಆಗಲ್ಲ."

ಅಮ್ಮ ಗೆರೆಯ ಮೇಲೆ ಬೆರಳಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಪಕ್ಕದ ಸಾಲಿನ ಕಡೆ ನೋಡಿ, "ಇದ್ಯಾಕ್ಲಾ, ಮಸಿ ಬಳ್ದಂಗೈತೆ?" ಅಂದಳು.

"ಅದು ನಾನು ಮುಟ್ಟಿದ್ದು" ಅಂದೆ.